ಹೆಸರಿನ ಹತ್ತಿರ ಕೊನೆಗೆ ಹೋಗು

ಅಟ್ಟದ ಪೆಟ್ಟಿಗೆಯಲ್ಲಿ ಕಡತವೂ ಹಳೆಯ ಕ್ರಯಪತ್ರಗಳೂ ಸಿಕ್ಕಿವೆ, ಮುತ್ತಜ್ಜನ ಅಪ್ಪ ಯಾರೆಂದು ಅವುಗಳಿಂದ ತಿಳಿಯಬೇಕು ಅಂದೆಯಲ್ಲಮ್ಮ, ಕೇಳಿ ನನಗೆ ತುಂಬ ಸಂತೋಷವಾಯಿತು. ಆ ಗಂಟು ಬಿಚ್ಚುವವರು ಮನೆಯಲ್ಲಿ ಒಬ್ಬರಾದರೂ ಹುಟ್ಟಿದರು.

ಮೊದಲು ಇದನ್ನು ಕೇಳು. ಕಡತದ ಧೂಳು ಒರೆಸಲು ಹೋಗಬೇಡ. ಒದ್ದೆ ಬಟ್ಟೆ ಬೇಡವೇ ಬೇಡ, ಒಣ ಬಟ್ಟೆಯೂ ಬೇಡ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಾಡಿದ ಕಪ್ಪು ಹಾಳೆ ಅದು, ಬರೆದಿರುವುದು ಬಳಪದಲ್ಲಿ. ಅಳಿಸಿ ಮತ್ತೆ ಬರೆಯಲು ಬರುತ್ತಿದ್ದ ಬರಹ, ನಿನ್ನ ಅಂಗೈ ತಾಗಿದರೂ ಅಳಿಸಿಹೋದೀತು. ಮಡಿಕೆಗಳನ್ನು ಮೆಲ್ಲಗೆ ಬಿಡಿಸಿ, ಬೆಳಕು ಪಕ್ಕದಿಂದ ಬೀಳುವ ಹಾಗಿಟ್ಟು, ಪ್ರತಿ ಪುಟದ ಫೋಟೋ ತೆಗೆದುಕೊ. ಆಮೇಲಿನ ಓದೆಲ್ಲ ಫೋಟೋ ನೋಡಿಕೊಂಡೇ ಆಗಲಿ.

ಓದಲು ಕೂತಾಗ ಕಣ್ಣು ನಮ್ಮವರ ಹೆಸರಿಗೇ ಹಾತೊರೆಯುತ್ತದೆ. ಹಾಗೆ ಹುಡುಕಿದರೆ ಇಲ್ಲದ ಕಡೆಯೂ ಅದೇ ಹೆಸರು ಕಂಡುಬಿಡುತ್ತದೆ. ನೀನು ಪತ್ರದ ತಲೆಯಿಂದ ಹೊರಡು. ಅಲ್ಲಿ ಏನಿರುತ್ತದೆಂದು ಓದುವ ಮೊದಲೇ ಗೊತ್ತು: ಶಾಲಿವಾಹನ ಶಕ, ಸಂವತ್ಸರ, ಮಾಸ, ಪಕ್ಷ, ತಿಥಿ. ‘ಶು’ ಎಂದಿದ್ದರೆ ಶುದ್ಧ, ‘ಬ’ ಎಂದಿದ್ದರೆ ಬಹುಳ. ಅರವತ್ತು ಸಂವತ್ಸರಗಳ ಹೆಸರು ಪಂಚಾಂಗದಲ್ಲಿ ಸಿಗುತ್ತವೆ. ಈ ಗೊತ್ತಿರುವ ಪದಗಳಿಂದ, ಪತ್ರ ಬರೆದ ಶಾನುಭೋಗರ ಕೈಯಲ್ಲಿ ‘ವ’ ಹೇಗಿದೆ, ‘ಪ’ ಹೇಗಿದೆ, ಒತ್ತಕ್ಷರ ಯಾವ ಕಡೆ ಎಳೆದಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊ. ಪದಗಳ ನಡುವೆ ಜಾಗ ಇರುವುದಿಲ್ಲ. ಎಷ್ಟೋ ಬರಹಗಳಲ್ಲಿ ಎ, ಏ ಒಂದೇ, ಒ, ಓ ಒಂದೇ, ‘ಧರ್ಮ’ವು ‘ದರ್ಮ’ವಾಗಿರುತ್ತದೆ. ತಿದ್ದಬೇಡ, ಇದ್ದದ್ದು ಇದ್ದ ಹಾಗೆ ನಕಲು ಮಾಡು. ತಿಳಿಯದ ಅಕ್ಷರದ ಜಾಗದಲ್ಲಿ ಚುಕ್ಕಿ ಇಡು. ೬, ೯ ಬಂದಾಗ ಇನ್ನೊಮ್ಮೆ ನೋಡು.

ಇನ್ನು ಹೆಸರು. ಮೈಸೂರು ಸೀಮೆಯ ಪತ್ರಗಳಲ್ಲಿ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿಯಲ್ಲವೆ? ರಂಗಪ್ಪ ಬಿನ್ ತಿಮ್ಮಪ್ಪನ ಮಗ ತಿಮ್ಮಪ್ಪ ಬಿನ್ ರಂಗಪ್ಪ. ಅವನ ಮಗ ಮತ್ತೆ ರಂಗಪ್ಪ ಬಿನ್ ತಿಮ್ಮಪ್ಪ. ಅಜ್ಜ ಮೊಮ್ಮಗನ ನಡುವೆ ಸುಮಾರು ಐವತ್ತು ಅರವತ್ತು ವರ್ಷ, ಸಂವತ್ಸರವೂ ಅರವತ್ತು ವರ್ಷಕ್ಕೇ ತಿರುಗಿ ಬರುತ್ತದೆ! ‘ಧಾತು ಸಂವತ್ಸರ’ ಎಂದು ಓದಿದ ಕೂಡಲೇ, ದೊಡ್ಡವರು ಹೇಳುತ್ತಿದ್ದ ಧಾತು–ಈಶ್ವರ ಬರ ನೆನಪಾಗಿ 1876 ಎಂದು ಬರೆದುಬಿಡಬೇಡ. 1936 ಕೂಡ ಧಾತುವೇ. ಶಕದ ಅಂಕಿ ಹುಡುಕು: 1798 ಇದ್ದರೆ 78 ಕೂಡಿಸು, 1876 ಬರುತ್ತದೆ, ಮಾಘ, ಫಾಲ್ಗುಣವಾದರೆ 79 ಕೂಡಿಸಬೇಕು. ಅಂಕಿಯನ್ನು ಹುಳು ತಿಂದಿದ್ದರೆ ತಿಥಿ, ವಾರ ಎರಡನ್ನೂ ಹಳೆಯ ಪಂಚಾಂಗಕ್ಕೆ ಹೊಂದಿಸಿ ನೋಡು. ಛಾಪಾ ಕಾಗದವಾದರೆ ಮುದ್ರೆಯನ್ನು ಗಮನಿಸು. 1876ರಲ್ಲಿ ಮೈಸೂರು ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು, 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಇಷ್ಟು ನೋಡದೆ ವಂಶವೃಕ್ಷ ಬರೆದರೆ ಅಜ್ಜನ ಜಮೀನು ಮೊಮ್ಮಗನ ಹೆಸರಿಗೆ ಹೋಗಿ, ಎರಡು ತಲೆಮಾರುಗಳೇ ಕಾಣೆಯಾಗುತ್ತವೆ.

ಅಕ್ಷರ ಕನ್ನಡದ್ದೇ ಅಲ್ಲವೆನಿಸಿದರೆ ಒದ್ದಾಡಬೇಡ. ಧಾರವಾಡ, ಬೆಳಗಾವಿ ಕಡೆಯ ಕಾಗದವಾದರೆ ಮೋಡಿ ಲಿಪಿ ಇರಬಹುದು. ಕರಾವಳಿಯ ತಾಳೆಗರಿಯಾದರೆ ತಿಗಳಾರಿ ಲಿಪಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರ ವಿಭಾಗವೇ ಇದೆ, ಫೋಟೋ ಹಿಡಿದುಕೊಂಡು ಹೋಗಿ ಕೇಳು.

ಕ್ರಯಪತ್ರದ ಕೊನೆಯಲ್ಲಿ ಚಕ್ಕುಬಂದಿ ಇರುತ್ತದೆ, ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ಯಾವ ಹಳ್ಳ ಎಂದು. ಅದನ್ನು ನಕಲು ಮಾಡಿಕೊಂಡು ಊರಿಗೆ ಹೋಗಿ ನಿಮ್ಮ ದೊಡ್ಡತ್ತೆಯ ಮುಂದೆ ಓದು. ಆ ಗದ್ದೆಗಳ ಹೆಸರು, ಅಕ್ಕಪಕ್ಕದ ಮನೆತನಗಳು ಈಗ ಅವರೊಬ್ಬರಿಗೇ ಗೊತ್ತಿರುವುದು. ನೀನು ಸುಣ್ಣವೋ ಸಣ್ಣವೋ ಎಂದು ತಡವರಿಸುವ ಪದವನ್ನು ಅವರು ಅರ್ಧ ಕೇಳಿಯೇ ಪೂರ್ತಿ ಹೇಳುತ್ತಾರೆ. ಹಬ್ಬಕ್ಕೆ ಹೇಗೂ ಹೋಗುತ್ತೇನಲ್ಲ ಎಂದು ಕಾಯಬೇಡಮ್ಮ, ಬರುವ ಭಾನುವಾರವೇ ಹೋಗು.