ಮಂಜುಗಡ್ಡೆ ಒಗ್ಗದ ರಕ್ತಕಣ

ಚೆನ್ನೈಯಲ್ಲಿ ಹಿಂಗಾರು ಮಳೆ ಹಿಡಿದರೆ ಡೆಂಗ್ಯೂ ಜ್ವರವೂ ಹಿಂದೆಯೇ ಬರುತ್ತದೆ. ರೋಗಿಗಳೆಲ್ಲರಿಗೂ ಅಲ್ಲ, ರಕ್ತಸ್ರಾವವಾದ ಕೆಲವರಿಗೆ ವೈದ್ಯರು ಪ್ಲೇಟ್‌ಲೆಟ್ ಬೇಕೆಂದು ಚೀಟಿ ಬರೆಯುತ್ತಾರೆ; ಮನೆಯವರು ರಕ್ತನಿಧಿಗೆ ಓಡುತ್ತಾರೆ. ಅದನ್ನು ಮಂಜುಗಡ್ಡೆಯ ಮೇಲಿಟ್ಟು ತರಬೇಕೆಂದು ಹಲವರ ಎಣಿಕೆ. ಅದು ಸಲ್ಲದು.

ರಕ್ತವನ್ನು ಹೆಪ್ಪುಗಟ್ಟಿಸುವ ಈ ಕಣಗಳು ಪುಟ್ಟ ಬಿಲ್ಲೆಯ ಆಕಾರದವು. ಚಳಿ ತಗುಲಿದರೆ ಗುಂಡಗಾಗುತ್ತವೆ; ಅಂಥವನ್ನು ಯಕೃತ್ತು ಬೇಗನೆ ನುಂಗಿಬಿಡುತ್ತದೆ. ಕೋಣೆಯ ಉಷ್ಣದಲ್ಲಿಟ್ಟ ಕಣಗಳೇ ಮೈಯಲ್ಲಿ ಹೆಚ್ಚು ಕಾಲ ಉಳಿಯುವುವೆಂದು 1969ರಲ್ಲಿ ಅಮೆರಿಕದ ಮರ್ಫಿ ಮತ್ತು ಗಾರ್ಡ್ನರ್ ತೋರಿಸಿಕೊಟ್ಟರು. ಕೆಂಪುಕಣಗಳಿಗೆ 2ರಿಂದ 6 ಡಿಗ್ರಿ ಸಾಕು. ಇವಕ್ಕೆ 20ರಿಂದ 24 ಡಿಗ್ರಿ ಸೆಲ್ಸಿಯಸ್ ಬೇಕು. ನಮ್ಮೂರ ಸೆಕೆಯಲ್ಲಿ ಅದಕ್ಕೂ ಯಂತ್ರವೇ ಗತಿ!

ಇವು ಉಸಿರಾಡುವ ಕಣಗಳು. ಆದ್ದರಿಂದ ಗಾಳಿಯಾಡುವ ವಿಶೇಷ ಚೀಲದಲ್ಲಿ ತುಂಬಿ, ತೊಟ್ಟಿಲು ತೂಗಿದಂತೆ ಹಗಲಿರುಳೂ ಮೆಲ್ಲನೆ ಅಲುಗಿಸುತ್ತಾರೆ. ಅಲುಗಾಟ ಬಹಳ ಹೊತ್ತು ನಿಂತರೆ ಹುಳಿಯಂಶ ಕೂಡಿ ಕೆಡುತ್ತವೆ. ಚೀಲವನ್ನು ಬೆಳಕಿಗೆ ಹಿಡಿದು ತಿರುವಿದಾಗ ರೇಷ್ಮೆಯಂಥ ಸುಳಿ ಕಾಣುವುದು ಒಳ್ಳೆಯ ಲಕ್ಷಣ. ಬೆಚ್ಚಗಿದ್ದಲ್ಲಿ ಕ್ರಿಮಿ ಬೆಳೆಯುವ ಭಯವೂ ಇರುವುದರಿಂದ ಸಾಮಾನ್ಯವಾಗಿ 5 ದಿನಗಳ ಗಡುವು.

ತರುವವರು ಮಂಜುಗಡ್ಡೆ ಸೋಕಿಸದೆ, ಬಿಸಿಲಿಗೊಡ್ಡದೆ, ದಾರಿಯಲ್ಲಿ ನಿಲ್ಲದೆ ನೇರ ಆಸ್ಪತ್ರೆಗೆ ಒಪ್ಪಿಸಬೇಕು. ಅಲ್ಲಿ ಯಾರಾದರೂ ಫ್ರಿಜ್ಜಿನ ಬಾಗಿಲು ತೆರೆದರೆ, ಸಂಕೋಚಪಡದೆ ಬೇಡವೆನ್ನಿರಿ.