ಹಿಂದಿನ ಆಕ್ಸಲ್ ಶಾಫ್ಟ್ ಮುರಿದಾಗ: ಪುಣೆಯ ಜೀಪ್ ಸವಾರರಿಗೆ ಹನ್ನೆರಡು ಸೂತ್ರಗಳು

ಮಳೆ ಹಿಡಿದರೆ ಸಾಕು, ಪುಣೆಯ ಶಿವಾಜಿನಗರದಿಂದ ಬೆಳಗಿನ ಜಾವವೇ ಹೊರಡುವ ಥಾರ್, ಜಿಪ್ಸಿ, ಗೂರ್ಖಾಗಳ ಮೂತಿ ಮುಳಶಿ, ತಾಮ್ಹಿಣಿ ಘಾಟಿನ ಕಡೆಗೆ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದಿಂದ ಬಂದು ಪುಣೆಯಲ್ಲೇ ನೆಲೆನಿಂತ ಕನ್ನಡಿಗರಿಗೂ ಈ ಹುಚ್ಚು ಅಂಟಿದೆ. ಮಲೆನಾಡಿನಲ್ಲಿ ಜೀಪು ಕಲಿತವರು ಇಲ್ಲಿ ಸ್ವಲ್ಪ ಎಚ್ಚರವಾಗಿರಬೇಕು. ಕೊಡಚಾದ್ರಿಯ ಕೆಮ್ಮಣ್ಣಿನ ಕೆಸರಲ್ಲಿ ಚಕ್ರ ಜಾರುತ್ತದೆ. ಜಾರಿದಷ್ಟೂ ಶಾಫ್ಟಿಗೆ ಹೊರೆ ಕಡಿಮೆ. ಈ ಕಡೆಯ ಸಹ್ಯಾದ್ರಿಯಲ್ಲಿ ಇರುವುದು ಬಸಾಲ್ಟ್ ಬಂಡೆಯ ಮೆಟ್ಟಿಲು. ಗಾಳಿಯಲ್ಲಿ ಗಿರಗಿರ ತಿರುಗುತ್ತಿದ್ದ ಚಕ್ರ ಬಂಡೆಯನ್ನು ಕಚ್ಚಿದ ಕ್ಷಣವೇ ನಿಲ್ಲುತ್ತದೆ, ಎಂಜಿನ್ ನಿಲ್ಲುವುದಿಲ್ಲ. ಆ ಜಗಳದ ನಡುವೆ ಸಿಕ್ಕಿಬೀಳುವುದು ಆಕ್ಸಲ್ ಶಾಫ್ಟ್.

1. ಮೊದಲು ಚಕ್ರಕ್ಕೆ ಕಲ್ಲು ಕೊಡಿ. ಆಮೇಲೆ ಇಳಿದು ನೋಡುವ ಮಾತು. ಟೂ-ವೀಲ್ ಡ್ರೈವಿನಲ್ಲಿರುವ ಗಾಡಿಯ ಹಿಂದಿನ ಒಂದು ಶಾಫ್ಟ್ ಮುರಿದರೆ ಗೇರಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಗುತ್ತದೆ; ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂಬ ಧೈರ್ಯ ಸುಳ್ಳು. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಂತೂ ಹ್ಯಾಂಡ್‌ಬ್ರೇಕ್ ಕೂಡ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಇದೆ. ಶಾಫ್ಟ್ ಹೋಯಿತೆಂದರೆ ಅದೂ ಹೋಯಿತು. ಘಾಟಿಯ ಇಳಿಜಾರಿನಲ್ಲಿ ಇದನ್ನು ಮರೆತು ಗಾಡಿಯ ಕೆಳಗೆ ತೂರಿಕೊಳ್ಳುವವರ ಧೈರ್ಯವನ್ನು ನಾನು ಮೆಚ್ಚಲಾರೆ.

2. ಮುರಿದದ್ದು ಯಾವುದು ಎಂದು ಖಚಿತ ಮಾಡಿಕೊಳ್ಳಿ. ಗೇರು ಬಿದ್ದಿದೆ, ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತಿದೆ, ಗಾಡಿ ಮಾತ್ರ ಕದಲುತ್ತಿಲ್ಲ ಎಂದರೆ ಕ್ಲಚ್ಚನ್ನು ಬೈಯಬೇಡಿ. ತೊಂದರೆ ಡಿಫರೆನ್ಷಿಯಲ್‌ನಲ್ಲಿ ಇಲ್ಲವೇ ಶಾಫ್ಟಿನಲ್ಲಿದೆ. ಸಮನಾದ ಜಾಗದಲ್ಲಿ, ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ. ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ಇನ್ನೊಂದು ಚಕ್ರ ವಿರುದ್ಧ ದಿಕ್ಕಿಗೆ ತಿರುಗಬೇಕು. ತಿರುಗದಿದ್ದರೆ ಒಳಗೆ ಎಲ್ಲೋ ತುಂಡಾಗಿದೆ. ಒಳಗಿನ ಗೇರುಗಳ ಎಳೆತವೇ ಇಲ್ಲದೆ ತೀರಾ ಹಗುರವಾಗಿ ತಿರುಗುವ ಚಕ್ರದ ಕಡೆಗೆ ಮೊದಲು ಕೈ ಹಾಕಿ.

3. ನಿಮ್ಮದು ಸೆಮಿ ಫ್ಲೋಟಿಂಗೋ ಫುಲ್ ಫ್ಲೋಟಿಂಗೋ, ಮನೆಯಲ್ಲಿದ್ದಾಗಲೇ ತಿಳಿದುಕೊಳ್ಳಿ. ಮನೆಗೆ ಹೇಗೆ ಮರಳುತ್ತೀರಿ ಎಂಬುದು ಇದರ ಮೇಲಿದೆ. ಫುಲ್ ಫ್ಲೋಟಿಂಗ್‌ನಲ್ಲಿ ಗಾಡಿಯ ಭಾರವನ್ನು ಹಬ್ ಹೊರುತ್ತದೆ, ಶಾಫ್ಟ್ ಬರೀ ತಿರುಗಿಸುತ್ತದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನ ಹಿಂದಿನ ಆಕ್ಸಲ್ ಹೀಗಿತ್ತು, ಲಾರಿಗಳದ್ದು ಇಂದಿಗೂ ಹೀಗೇ. ಹಬ್ಬಿನ ಬೋಲ್ಟ್ ಬಿಚ್ಚಿ ಮುರಿದ ಶಾಫ್ಟ್ ಎಳೆದು, ತೂತಿಗೆ ಮುಚ್ಚಳ ಕಟ್ಟಿ, ಫೋರ್-ವೀಲ್ ಹಾಕಿದರೆ ಮುಂದಿನ ಚಕ್ರಗಳೇ ನಿಮ್ಮನ್ನು ಎಳೆದೊಯ್ಯುತ್ತವೆ. ಜಿಪ್ಸಿಯಂಥ ಸೆಮಿ ಫ್ಲೋಟಿಂಗ್ ಗಾಡಿಯಲ್ಲಿ ಶಾಫ್ಟೇ ಭಾರವನ್ನೂ ಹೊರುತ್ತದೆ, ಚಕ್ರವನ್ನೂ ಹಿಡಿದಿರುತ್ತದೆ. ಬೇರಿಂಗಿನ ಹೊರಗಡೆ ಮುರಿದರೆ ಚಕ್ರ ಡ್ರಮ್ಮಿನ ಸಮೇತ ಕಳಚಿಕೊಂಡು ನಿಮ್ಮನ್ನೇ ಹಿಂದೆ ಹಾಕಿ ಹೋದೀತು. ಚಕ್ರ ಸ್ವಲ್ಪ ಅಲುಗಾಡಿದರೂ ಓಡಿಸುವುದು, ಹಗ್ಗ ಕಟ್ಟಿ ಎಳೆಯುವುದು ಎರಡೂ ಬೇಡ. ಫ್ಲಾಟ್‌ಬೆಡ್ ಲಾರಿ ಕರೆಸಿ.

4. ಒಳಗುಳಿದ ತುಂಡು ಹೊರಬರುವವರೆಗೆ ಕೆಲಸ ಮುಗಿದಿಲ್ಲ. ಹೊರಗಿನ ತುಂಡು ಸುಲಭವಾಗಿ ಬರುತ್ತದೆ. ಸ್ಪ್ಲೈನ್ ಇರುವ ಒಳತುದಿ ಡಿಫರೆನ್ಷಿಯಲ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಉದ್ದ ಕೋಲಿಗೆ ಕಟ್ಟಿದ ಅಯಸ್ಕಾಂತ ಕೆಲವೊಮ್ಮೆ ಸಾಕು. ಕೆಲವು ಗಾಡಿಗಳಲ್ಲಿ ಎದುರು ಬದಿಯ ಶಾಫ್ಟ್ ತೆಗೆದು ಅಲ್ಲಿಂದ ಸಲಾಕೆ ತಳ್ಳಬಹುದು. ತುಂಡು ಬಂದರೂ ಎಣ್ಣೆ ಇಳಿಸಿ, ಹೌಸಿಂಗ್ ತೊಳೆಸಿ. ಒಳಗೆ ಉಳಿದ ಒಂದು ಚೂರು ಕ್ರೌನ್-ಪಿನಿಯನ್ ಹಲ್ಲಿಗೆ ಸಿಕ್ಕರೆ ಶಾಫ್ಟಿನ ಖರ್ಚು ಅದರ ಮುಂದೆ ಚಿಲ್ಲರೆ ಅನಿಸುತ್ತದೆ.

5. ಮುರಿದ ಮುಖವನ್ನು ಓದಿ. ಹೊಸ ಶಾಫ್ಟ್ ಹಾಕುವ ಆತುರದಲ್ಲಿ ಹೆಚ್ಚಿನವರು ಬಿಡುವುದು ಇದನ್ನೇ. ತುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿಯಿರಿ. ಮುರಿದ ಜಾಗದ ಒಂದು ಭಾಗ ನುಣುಪಾಗಿ, ಮರಳಿನ ಮೇಲೆ ಅಲೆ ಬಿಟ್ಟುಹೋದಂಥ ಬಾಗಿದ ಗೆರೆಗಳಿದ್ದು, ಉಳಿದದ್ದು ಒರಟಾಗಿದ್ದರೆ ಅದು ಇವತ್ತಿನ ಮುರಿತವಲ್ಲ. ಎಂದೋ ಬಿದ್ದ ಕೂದಲೆಳೆಯ ಬಿರುಕು ದಿನದಿನ ಬೆಳೆದು ಇಂದು ಕೈಕೊಟ್ಟಿದೆ. ಹಳೆಯ ಗೀರು, ತುಕ್ಕು, ಸವೆದ ಬೇರಿಂಗ್ ಎಲ್ಲಿತ್ತು ಎಂದು ಹುಡುಕಿ. ಶಾಫ್ಟ್ ಬತ್ತಿಯಂತೆ ಹೊಸೆದುಕೊಂಡು, ಸ್ಪ್ಲೈನ್ ಗೆರೆಗಳು ಓರೆಯಾಗಿ ತುಂಡಾಗಿದ್ದರೆ ಅದು ಒಂದೇ ಏಟಿನ ಕೆಲಸ. ಕಾರಣ ಚಾಲಕನ ಸೀಟಿನಲ್ಲಿದೆ.

ಈ ಓದಿಗೆ ದೊಡ್ಡ ಇತಿಹಾಸವಿದೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೆಂಕಿ ಹೊತ್ತಿ, 50ಕ್ಕೂ ಹೆಚ್ಚು ಜನ ಸತ್ತರು. ಗಟ್ಟಿ ಕಬ್ಬಿಣ ಮಾಮೂಲಿ ಹೊರೆಯಲ್ಲೇ ಹೇಗೆ ಮುರಿಯುತ್ತದೆ ಎಂದು ಎಂಜಿನಿಯರುಗಳು ಗಂಭೀರವಾಗಿ ತಲೆಕೆಡಿಸಿಕೊಂಡದ್ದು ಅಲ್ಲಿಂದೀಚೆಗೆ. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳನ್ನು ವರ್ಷಗಟ್ಟಲೆ ತಿರುಗಿಸಿ ಪರೀಕ್ಷಿಸಿ ಲೋಹದ ದಣಿವಿಗೆ ಲೆಕ್ಕ ಹಾಕಿದ. ಶಿವಾಜಿನಗರದಲ್ಲೇ ಇರುವ, 1854ರಲ್ಲಿ ಶುರುವಾದ ಸಿಒಇಪಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರ ಓದುವ ನೆಂಟರ ಮಗನೋ ಮಗಳೋ ಇದ್ದರೆ ತುಂಡನ್ನು ತೋರಿಸಿ, ಖುಷಿಯಿಂದ ವಿವರಿಸುತ್ತಾರೆ.

6. ಬೆಸುಗೆ ಬೇಡವೇ ಬೇಡ. ಶಾಫ್ಟಿನ ಬಲ ಇರುವುದು ಕಾಸಿ ಹದಗೊಳಿಸಿದ ಅದರ ಮೇಲ್ಪದರದಲ್ಲಿ. ವೆಲ್ಡಿಂಗ್ ಶಾಖಕ್ಕೆ ಆ ಹದವೇ ಕೆಡುತ್ತದೆ, ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಊರು ಮುಟ್ಟಲು ಸಾಕು ಎನ್ನುವ ಮೆಕ್ಯಾನಿಕ್ಕಿಗೆ ಚಹಾ ಕೊಡಿಸಿ ಕಳಿಸಿ.

7. ಹಳೆಯದನ್ನು ಕೊಳ್ಳುವುದಾದರೆ ಮುರಿದದ್ದನ್ನು ಕೈಯಲ್ಲಿ ಹಿಡಿದೇ ಹೋಗಿ. ಬುಧವಾರ, ಭಾನುವಾರ ನೆರೆಯ ಮಂಗಳವಾರ ಪೇಟೆಯಲ್ಲಿ ಸೇರುವ ಜುನಾ ಬಾಜಾರಿರಲಿ, ಬೆಂಗಳೂರಿನ ಶಿವಾಜಿನಗರದ ಗುಜರಿಯಿರಲಿ, ಕಣ್ಣಳತೆಗೆ ಎಲ್ಲ ಶಾಫ್ಟೂ ಒಂದೇ. ಉದ್ದ, ಸ್ಪ್ಲೈನಿನ ಹಲ್ಲುಗಳ ಸಂಖ್ಯೆ, ಬೇರಿಂಗ್ ಕೂರುವ ಜಾಗದ ದಪ್ಪ ಮೂರನ್ನೂ ಅಳೆಯಿರಿ. ಅನೇಕ ಜೀಪುಗಳಲ್ಲಿ ಡಿಫರೆನ್ಷಿಯಲ್ ಒಂದು ಬದಿಗೆ ಸರಿದಿರುವುದರಿಂದ ಎಡ-ಬಲದ ಶಾಫ್ಟುಗಳ ಉದ್ದ ಬೇರೆ ಬೇರೆ. ಸ್ಪ್ಲೈನ್ ಗೆರೆ ನೇರವಾಗಿಲ್ಲದಿದ್ದರೆ ಬೆಲೆ ಕೇಳುವುದೂ ಬೇಡ. ಕೊಂಡ ಮೇಲೆ ಡೈ ಪೆನಿಟ್ರೆಂಟ್ ಪರೀಕ್ಷೆ ಮಾಡಿಸಿ: ಕೆಂಪು ಬಣ್ಣ ಹಚ್ಚಿ ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ ಬಿರುಕು ತಾನೇ ಕೆಂಪಾಗಿ ಮೂಡುತ್ತದೆ.

8. ಒಂದೇ ಬದಿಯ ಶಾಫ್ಟ್ ಮತ್ತೆ ಮುರಿದರೆ ಶಾಫ್ಟನ್ನು ಬಿಟ್ಟು ಹೌಸಿಂಗ್ ನೋಡಿ. ಎಗರಿ ಬಿದ್ದ ಗಾಡಿಯ ಹೌಸಿಂಗ್ ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ಬಾಗಿದ ಹೌಸಿಂಗ್‌ನಲ್ಲಿ ಶಾಫ್ಟ್ ಪ್ರತಿ ಸುತ್ತಿಗೂ ಮಣಿದು ಏಳುತ್ತದೆ, ಎಷ್ಟು ಹೊಸದು ಹಾಕಿದರೂ ಹೌಸಿಂಗ್ ತಿನ್ನುತ್ತಲೇ ಇರುತ್ತದೆ.

9. ಡ್ರಮ್ಮಿನ ಒಳಗೆ ಗೇರ್ ಎಣ್ಣೆ ಕಂಡರೆ ಸೀಲ್ ಬದಲಿಸಿ, ಜೊತೆಗೆ ಬೇರಿಂಗನ್ನೂ ನೋಡಿ. ಸೀಲ್ ಕೆಡುವುದಕ್ಕೆ ಅದೇ ಕಾರಣ ಇರಬಹುದು. ಹೊಳೆ ದಾಟಿದ ಮೇಲೆ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಅಂದೇ ಬದಲಿಸಿ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ಆಕ್ಸಲ್ಲಿನ ಗಾಳಿಕಿಂಡಿಯಾದ ಬ್ರೀದರ್‌ಗೆ ಉದ್ದ ಪೈಪ್ ಹಾಕಿ ಮೇಲಕ್ಕೆ ಕಟ್ಟಿದರೆ ಕಡಿಮೆ ಖರ್ಚಿನಲ್ಲಿ ದೊಡ್ಡ ರಕ್ಷಣೆ.

10. ಬಲಗಾಲನ್ನು ಹಿಡಿತದಲ್ಲಿಡಿ. ಲೆಕ್ಕ ನೋಡಿ. ಎಂಜಿನ್ನಿನ ಟಾರ್ಕ್ 300 ನ್ಯೂಟನ್ ಮೀಟರ್ ಎನ್ನಿ. ಮೊದಲ ಗೇರು ಅದನ್ನು 4 ಪಟ್ಟು, ಲೋ ರೇಂಜ್ 2.5 ಪಟ್ಟು, ಕ್ರೌನ್-ಪಿನಿಯನ್ ಮತ್ತೆ 4 ಪಟ್ಟು ಹೆಚ್ಚಿಸುತ್ತವೆ: ಒಟ್ಟು 12,000. ಅರ್ಧ ಮುಂದಕ್ಕೆ ಹೋದರೂ ಹಿಂದಕ್ಕೆ 6,000. ಡಿಫರೆನ್ಷಿಯಲ್ ಲಾಕ್ ಹಾಕಿ ಒಂದು ಚಕ್ರ ಗಾಳಿಯಲ್ಲಿದ್ದರೆ ಇಷ್ಟೂ ಒಂದೇ ಶಾಫ್ಟಿನ ಪಾಲು. ಮೇಲಿಂದ ಧೊಪ್ಪನೆ ಬಿದ್ದ ಹೊಡೆತ ಇದಕ್ಕಿಂತ ಹೆಚ್ಚಿರಬಹುದು. ಹಾಗಾಗಿ ಚಕ್ರ ಎಗರತೊಡಗಿದ ತಕ್ಷಣ ಆಕ್ಸಿಲರೇಟರ್ ಬಿಡಿ, ಹಿಂದಕ್ಕೆ ಬನ್ನಿ, ಬೇರೆ ದಾರಿ ಹಿಡಿಯಿರಿ. ಪಟ್ಟಿ ಸ್ಪ್ರಿಂಗಿನ ಗಾಡಿಗಳಲ್ಲಿ ಈ ಎಗರಾಟ ಇನ್ನೂ ಜೋರು. ಟೂ-ವೀಲ್‌ನಲ್ಲಿ ಓಡಿಬಂದು ಗುದ್ದಿ ಹತ್ತಿಸುವುದನ್ನು ಬಿಟ್ಟು, ಏರು ಕಾಣುವಾಗಲೇ ಲೋ ರೇಂಜ್ ಹಾಕಿ ತೆವಳಿ. ಪಕ್ಕದಲ್ಲಿ ವಿಡಿಯೊ ಮಾಡುವವರಿಗೆ ಬೇಜಾರಾದರೆ ಆಗಲಿ.

11. ದೊಡ್ಡ ಟೈರಿನ ಆಸೆಗೆ ಲಗಾಮು ಹಾಕಿ. ಟೈರಿನ ಎತ್ತರ ಹೆಚ್ಚಿದಷ್ಟೂ ಶಾಫ್ಟನ್ನು ತಿರುಚುವ ಬಲ ಹೆಚ್ಚು. ದಪ್ಪ ಶಾಫ್ಟ್ ಹಾಕಿದರೆ ಬಲ ಬರುವುದು ನಿಜ. ವ್ಯಾಸ ಶೇಕಡಾ 10 ಹೆಚ್ಚಿದರೆ ತಿರುಚುವಿಕೆ ತಾಳುವ ಶಕ್ತಿ ಸುಮಾರು ಶೇಕಡಾ 33 ಏರುತ್ತದೆ. ಆದರೆ ಶಾಫ್ಟ್ ಮುರಿಯದಿದ್ದರೆ ಮುಂದಿನ ಸರದಿ ಕ್ರೌನ್-ಪಿನಿಯನ್ನಿನದು. ಕಾನೂನನ್ನೂ ನೆನಪಿಡಿ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮನಸ್ಸಿಗೆ ಬಂದಂತೆ ಗಾಡಿ ಬದಲಿಸುವುದನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಸಂಗಮ್ ಬ್ರಿಡ್ಜ್ ಬಳಿಯ ಆರ್‌ಟಿಒ ಕಚೇರಿ ಶಿವಾಜಿನಗರಕ್ಕೆ ದೂರವೇನಲ್ಲ.

12. ಎರಡೂ ಬದಿಗೆ ಒಂದೊಂದು ಶಾಫ್ಟ್, ಬೇರಿಂಗ್, ಸೀಲ್, ಪುಲ್ಲರ್, ಒಂದು ಡಬ್ಬಿ ಗೇರ್ ಎಣ್ಣೆ ಗಾಡಿಯಲ್ಲಿರಲಿ. ಬೇರಿಂಗನ್ನು ಶಾಫ್ಟಿಗೆ ಮೊದಲೇ ಪ್ರೆಸ್ ಮಾಡಿಸಿಡಿ, ಕಾಡಿನಲ್ಲಿ ಪ್ರೆಸ್ ಸಿಗುವುದಿಲ್ಲ. ಹೊಸ ಶಾಫ್ಟ್ ಕೂರಿಸುವ ಮುನ್ನ ಉದ್ದಕ್ಕೂ ಬಿಳಿ ಬಣ್ಣದ ನೇರ ಗೆರೆ ಎಳೆಯಿರಿ. ಮುಂದಿನ ಸಲ ಬಿಚ್ಚಿದಾಗ ಗೆರೆ ಸುತ್ತಿಕೊಂಡಿದ್ದರೆ, ಮುರಿಯದಿದ್ದರೂ ಆ ಶಾಫ್ಟಿನ ಆಯಸ್ಸು ಮುಗಿದಿದೆ. ಈ ಬಿಚ್ಚಿ ನೋಡುವ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿ. ಜೂನಿನಲ್ಲಿ ಮಳೆ ಶುರುವಾದರೆ ಗ್ಯಾರೇಜುಗಳ ಮುಂದೆ ನಿಮ್ಮಂಥವರದೇ ಸಾಲು.