ಮರಿಗಿಂತ ಮೊದಲು ತಾಯಿಯನ್ನು ನೋಡಿ

ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ಮನೆಗೊಂದು ಮುಧೋಳ ನಾಯಿಮರಿ ತರಬೇಕೆಂದಿದ್ದೇವೆ. ಮುಧೋಳದ ಹತ್ತಿರದ ಹಳ್ಳಿಯಲ್ಲಿ ರೈತರೊಬ್ಬರು ಮನೆಯಲ್ಲೇ ಎರಡು ಹೆಣ್ಣುನಾಯಿ ಸಾಕಿ, ಮರಿ ಹಾಕಿಸಿ ಕೊಡುತ್ತಾರಂತೆ. ಪೇಟೆಯ ಅಂಗಡಿಗಿಂತ ಅವರೇ ವಾಸಿ ಎಂದು ನೆಂಟರು ಹೇಳುತ್ತಾರೆ. ಬರುವ ಭಾನುವಾರ ಹೋಗುವವರಿದ್ದೇವೆ. ಮರಿ ಆರಿಸುವಾಗ ಏನೇನು ನೋಡಬೇಕು?
– ಓದುಗರು, ಧಾರವಾಡ

ಉತ್ತರ: ನಿಮ್ಮ ನೆಂಟರ ಮಾತು ಅರ್ಧ ಸರಿ. ಮನೆಯಲ್ಲಿ ಮರಿ ಮಾಡಿಸುವವರೆಲ್ಲ ಒಳ್ಳೆಯ ಸಾಕಣೆದಾರರೇ ಆಗಿರಬೇಕೆಂದಿಲ್ಲ. ಮುಧೋಳ ನಾಯಿಯನ್ನು ಸೇನೆ ತರಬೇತಿಗೆ ತೆಗೆದುಕೊಂಡಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಅದರ ಹೆಸರೆತ್ತಿದರು. ಹೆಸರಿನ ಹಿಂದೆಯೇ ಬೇಡಿಕೆ ಬಂತು. ಬೇಡಿಕೆ ಇದ್ದಲ್ಲಿ ಬೆದೆಗೊಂದು ಸೂಲು ತೆಗೆಯುವ ಆತುರವೂ ಇರುತ್ತದೆ. ಆ ಆತುರದಲ್ಲಿ ಸವೆದು ಹೋಗುವುದು ತಾಯಿನಾಯಿ. ಆದ್ದರಿಂದ ಹೋದ ಕೂಡಲೇ ಮರಿಯನ್ನು ಎತ್ತಿಕೊಳ್ಳಬೇಡಿ. ‘ತಾಯಿ ಎಲ್ಲಿ, ನೋಡಬಹುದೇ?’ ಎಂದು ಕೇಳಿ.

‘ಹೊಲದಲ್ಲಿದೆ’, ‘ಅಣ್ಣನ ಮನೆಯಲ್ಲಿದೆ’ ಎಂಬ ಉತ್ತರ ಬಂದರೆ ಅದು ಬರುವವರೆಗೂ ಕಾಯಿರಿ. ಅದು ಬರಲೇ ಇಲ್ಲವೆಂದರೆ ಮರಿಗಳನ್ನು ಬೇರೆಲ್ಲಿಂದಲೋ ತಂದು ಮಾರುತ್ತಿರುವ ಸಾಧ್ಯತೆ ಹೆಚ್ಚು. ಬರಿಗೈಯಲ್ಲಿ ವಾಪಸಾಗಿ.

ತಾಯಿ ಎದುರಿಗೆ ಬಂದಾಗ ಅದರ ಮೈ ನೋಡಿ. ಮುಧೋಳದ್ದು ಓಟಕ್ಕೆಂದೇ ಹದಗೊಂಡ ಬೇಟೆ ನಾಯಿ. ಪಕ್ಕೆಲುಬು ಒಂದೆರಡು ಕಂಡರೆ ಗಾಬರಿ ಬೇಡ, ಅದರ ಕಟ್ಟೇ ಹಾಗೆ. ಹಾಲೂಡಿಸುವಾಗ ಇನ್ನಷ್ಟು ಇಳಿದಿರುತ್ತದೆ. ಆದರೆ ಸೊಂಟದ ಮೂಳೆ ಚುಚ್ಚುವಂತೆ ಎದ್ದಿದ್ದರೆ, ಕೂದಲು ಕಳೆಗುಂದಿ ಉದುರುತ್ತಿದ್ದರೆ, ಕಿವಿಯ ಒಳಗೆ ಉಣ್ಣೆಹುಳು ಕಚ್ಚಿಕೊಂಡಿದ್ದರೆ ಆ ಮನೆಯಲ್ಲಿ ಅದಕ್ಕೆ ಆರೈಕೆ ಸಿಕ್ಕಿಲ್ಲ. ಸ್ವಭಾವವನ್ನೂ ಗಮನಿಸಿ. ಈ ತಳಿ ಹೊಸಬರ ಮೈಮೇಲೆ ಬೀಳುವುದಿಲ್ಲ, ಮುಟ್ಟಿಸಿಕೊಳ್ಳಲೂ ಹಿಂಜರಿಯುತ್ತದೆ. ದೂರ ನಿಂತು ನಿಮ್ಮನ್ನು ಅಳೆಯುತ್ತಿದ್ದರೆ ಸರಿಯೇ. ಮನೆಯ ಯಜಮಾನರು ಕೈಯೆತ್ತಿದಾಗಲೂ ಅದು ನಡುಗಿ ಮುದುಡಿದರೆ ಆ ಅಂಜಿಕೆಯನ್ನು ಮರಿಗಳೂ ಕಲಿತಿರುತ್ತವೆ.

ಆಮೇಲೆ ಕೂತು ಮಾತಾಡಿ. ತಾಯಿಗೆ ಎಷ್ಟು ವಯಸ್ಸು? ಇದು ಎಷ್ಟನೇ ಸೂಲು? ಹಿಂದಿನದು ಯಾವಾಗ? 2017ರಲ್ಲಿ ಕೇಂದ್ರ ಸರ್ಕಾರ ತಂದ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ 18 ತಿಂಗಳು ತುಂಬದ ಹೆಣ್ಣುನಾಯಿಗೆ ಮರಿ ಹಾಕಿಸುವಂತಿಲ್ಲ. 8 ವರ್ಷ ದಾಟಿದ ಮೇಲೂ ಇಲ್ಲ. ವರ್ಷಕ್ಕೆ ಒಂದೇ ಸೂಲು, ಆಯುಷ್ಯದಲ್ಲಿ ಐದೇ. ಮರಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಒಂದೆರಡು ನಾಯಿ ಸಾಕಿಕೊಂಡ ಹಳ್ಳಿಯವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿರಲಿಕ್ಕಿಲ್ಲ. ಜಬರಿಸಬೇಡಿ, ಆದರೆ ಕೇಳದೆ ಬಿಡಬೇಡಿ. ಕಾಗದವಿಲ್ಲದ ಮನೆಯಲ್ಲೂ ಎದೆತುಂಬ ಪ್ರೀತಿಯಿಂದ ನಾಯಿ ಸಾಕಿದವರಿರುತ್ತಾರೆ. ಅವರಿಗೆ ನೋಂದಣಿಯ ದಾರಿ ತಿಳಿಸಿದರೆ ತಳಿಗೇ ಉಪಕಾರ.

ತಂದೆ ಅದೇ ಮನೆಯಲ್ಲಿ ಇಲ್ಲದಿದ್ದರೆ ಚಿಂತೆಯಿಲ್ಲ. ಅದು ತಾಯಿಯ ಅಣ್ಣನೋ ಅಪ್ಪನೋ ಅಲ್ಲ ತಾನೇ ಎಂದು ಮಾತ್ರ ಖಚಿತ ಮಾಡಿಕೊಳ್ಳಿ. ಊರಿನ ಒಂದೇ ಗಂಡುನಾಯಿಯನ್ನು ಎಲ್ಲ ಹೆಣ್ಣುಗಳಿಗೂ ಬಿಡುತ್ತ ಹೋದರೆ ನಾಲ್ಕೈದು ತಲೆಮಾರಿನಲ್ಲಿ ಒಂದೇ ರಕ್ತ ಬೆರೆತು ತಳಿ ಬಲಗುಂದುತ್ತದೆ. ಅಜ್ಜ ಅಜ್ಜಿಯವರೆಗೂ ಹೇಳಬಲ್ಲ ಸಾಕಣೆದಾರ ಸಿಕ್ಕರೆ ಬಿಡಬೇಡಿ. ಹೇಗೂ ಅತ್ತ ಹೋಗುತ್ತೀರಿ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಸಾಧ್ಯವಾದರೆ ಅಲ್ಲಿನ ನಾಯಿಗಳನ್ನು ಮೊದಲು ನೋಡಿ ಕಣ್ಣು ಪಳಗಿಸಿಕೊಂಡು ಹಳ್ಳಿಗೆ ಹೋಗಿ.

ಮರಿಯ ವಿಷಯ ಕೊನೆಗೆ. ಒಸಡು ನಸುಗೆಂಪಾಗಿರಲಿ, ಕಣ್ಣು ಮೂಗು ಸೋರದಿರಲಿ. ಮೈ ಬಡಕಲು, ಹೊಟ್ಟೆ ಮಾತ್ರ ಗುಂಡಗಿದ್ದರೆ ಜಂತುಹುಳು. ಹುಳುವಿನ ಔಷಧ ಎರಡನೇ ವಾರದಿಂದಲೇ ಶುರುವಾಗಬೇಕು. ಕೊಟ್ಟ ತಾರೀಖು ಬರೆದಿಟ್ಟಿದ್ದಾರೆಯೇ ಕೇಳಿ.

ಪ್ರಶ್ನೆ: ನಮಗೆ ಗೊತ್ತಾದ ಮನೆಯೊಂದರಲ್ಲಿ ಲ್ಯಾಬ್ರಡಾರ್ ಮರಿಗಳಿವೆ, ಈಗ 32 ದಿನ. ‘ಚಿಕ್ಕದಿರುವಾಗಲೇ ಒಯ್ದರೆ ನಿಮಗೇ ಒಗ್ಗಿಕೊಳ್ಳುತ್ತೆ’ ಅನ್ನುತ್ತಿದ್ದಾರೆ. ತರಬಹುದೇ?
– ಓದುಗರು, ಮೈಸೂರು

ಉತ್ತರ: ದಯವಿಟ್ಟು ಬೇಡ. ಎಂಟು ವಾರ ತುಂಬದ ಮರಿಯನ್ನು ಮಾರುವುದು ನಿಯಮಕ್ಕೆ ವಿರುದ್ಧ, ಮರಿಗೂ ಕೆಟ್ಟದ್ದು. ಐದರಿಂದ ಎಂಟನೇ ವಾರದವರೆಗೆ ಒಡಹುಟ್ಟಿದವುಗಳ ಜೊತೆ ಕಚ್ಚಾಡುತ್ತಲೇ ಅದು ಎಷ್ಟು ಗಟ್ಟಿಯಾಗಿ ಹಲ್ಲೂರಬಾರದೆಂದು ಕಲಿಯುತ್ತದೆ. ಜೋರಾಗಿ ಕಚ್ಚಿದರೆ ತಂಗಿಮರಿ ಕಿರುಚಿ ಆಟ ಬಿಡುತ್ತದೆ, ತಾಯಿ ಗುರ್ರೆನ್ನುತ್ತದೆ. ಈ ಪಾಠವನ್ನು ನಾವು ಮನುಷ್ಯರು ಅಷ್ಟು ಚೆನ್ನಾಗಿ ಕಲಿಸಲಾರೆವು. ಬೇಗ ಬೇರ್ಪಟ್ಟ ಮರಿ ಮುಂದೆ ಮಕ್ಕಳ ಕೈ ಕಚ್ಚುತ್ತದೆ, ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆ. ಆಗ ಬೈಗುಳ ತಿನ್ನುವುದೂ ಅದೇ.

ಇನ್ನೊಂದು ಅಪಾಯ ಪಾರ್ವೊ ಎಂಬ ವೈರಸ್ ರೋಗ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಈ ವಾರಗಳಲ್ಲೇ ಕ್ಷೀಣಿಸುತ್ತ ಬರುತ್ತದೆ, ಲಸಿಕೆಯ ರಕ್ಷಣೆ ಇನ್ನೂ ಬಂದಿರುವುದಿಲ್ಲ. ವಾಂತಿ, ರಕ್ತಭೇದಿ ಶುರುವಾದರೆ ಚಿಕಿತ್ಸೆ ಸಿಗದ ಮರಿ ಒಂದೆರಡು ದಿನದಲ್ಲೇ ಹೋಗಿಬಿಡಬಹುದು. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ ಆಗಲಿ, ಕಾರ್ಡಿನಲ್ಲಿ ವೈದ್ಯರ ಸಹಿ ಮತ್ತು ಲಸಿಕೆ ಬಾಟಲಿಯ ಚೀಟಿ ಇರಲಿ. ಆಮೇಲಿನ ಡೋಸುಗಳು ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಅವರಿಗೆ ಮುಂಗಡ ಕೊಟ್ಟು, ‘ಇನ್ನೂ ನಾಲ್ಕು ವಾರ ತಾಯಿಯ ಜೊತೆಗಿರಲಿ, ವಾರಕ್ಕೊಮ್ಮೆ ಬಂದು ನೋಡುತ್ತೇವೆ’ ಎನ್ನಿ. ಒಗ್ಗಿಕೊಳ್ಳಬೇಕಾದ್ದು ಆ ಭೇಟಿಗಳಲ್ಲೇ ಒಗ್ಗುತ್ತದೆ.

ಪ್ರಶ್ನೆ: ಮರಿ ಕೇಳಲು ಹೋದರೆ ಆ ಹೆಂಗಸು ನಮ್ಮನ್ನೇ ವಿಚಾರಣೆ ಮಾಡಿದರು! ಮನೆ ಸ್ವಂತದ್ದೋ ಬಾಡಿಗೆಯದೋ, ಹಗಲು ಯಾರಿರುತ್ತಾರೆ, ಹಿಂದೆ ಸಾಕಿದ ನಾಯಿ ಏನಾಯಿತು, ಹೀಗೆ. ಸಾಕಲಾಗದಿದ್ದರೆ ತಮಗೇ ವಾಪಸ್ ಕೊಡುತ್ತೇವೆಂದು ಬರೆದುಕೊಡಬೇಕಂತೆ. ದುಡ್ಡು ಕೊಡುವವರು ನಾವಲ್ಲವೇ? ನಾವು ಕೇಳಿದ್ದು ಮುಧೋಳ ಮರಿ, ನಮ್ಮದು ಅಪಾರ್ಟ್‌ಮೆಂಟು.
– ಓದುಗರು, ಬೆಂಗಳೂರು

ಉತ್ತರ: ಸಿಟ್ಟಾಗಬೇಡಿ, ನಿಮಗೆ ಒಳ್ಳೆಯವರೇ ಸಿಕ್ಕಿದ್ದಾರೆ. ಎಂಟು ವಾರ ರಾತ್ರಿ ನಿದ್ದೆಗೆಟ್ಟು ಸಾಕಿದ ಜೀವ ಮುಂದಿನ ಹತ್ತು ಹನ್ನೆರಡು ವರ್ಷ ಎಲ್ಲಿರುತ್ತದೆಂದು ತಿಳಿಯುವ ಹಕ್ಕು ಅವರಿಗಿದೆ. ಹೆಣ್ಣು ಕೊಡುವವರು ಹುಡುಗನ ಮನೆಯನ್ನು ವಿಚಾರಿಸಿದಂತೆ ಅಂದುಕೊಳ್ಳಿ. ವಾಪಸ್ ತಮಗೇ ಕೊಡಬೇಕೆಂದು ಬರೆಸಿಕೊಳ್ಳುವವರ ಮರಿ ಬೀದಿಗೆ ಬೀಳುವುದಿಲ್ಲ. ಹೆಸರನ್ನೂ ಕೇಳದೆ ಮರಿ ಕೈಗಿಟ್ಟು ಹಣ ಎಣಿಸಿಕೊಳ್ಳುವವರ ಬಗ್ಗೆಯೇ ನನಗೆ ಭಯ.

ಅವರ ಪ್ರಶ್ನೆಗಳಲ್ಲಿ ಒಂದಕ್ಕಂತೂ ನೀವು ಮನಸ್ಸಿಟ್ಟು ಉತ್ತರಿಸಬೇಕು: ಓಡಲು ಜಾಗ ಎಲ್ಲಿ? ಮುಧೋಳ ನಾಯಿ ಮನೆಯೊಳಗೆ ಸದ್ದಿಲ್ಲದೆ ಮಲಗಬಲ್ಲದು, ಫ್ಲ್ಯಾಟಿನಲ್ಲೂ ಹೊಂದಿಕೊಳ್ಳಬಲ್ಲದು. ಆದರೆ ಬೇಲಿ ಹಾಕಿದ ಬಯಲಿನಲ್ಲಿ ಅದಕ್ಕೆ ಮೈತುಂಬ ಓಟ ಬೇಕು. ರಸ್ತೆಯಲ್ಲಿ ಹಗ್ಗ ಬಿಚ್ಚಿದಿರೋ, ಬೆಕ್ಕೊಂದು ಕಂಡ ಕ್ಷಣ ನಿಮ್ಮ ಕೂಗು ಅದರ ಕಿವಿಗೆ ಬೀಳದು. ಇಡೀ ದಿನ ಬಾಲ್ಕನಿಯಲ್ಲಿ ಕಟ್ಟಿಹಾಕುವ ಯೋಚನೆಯಿದ್ದರೆ ಈ ತಳಿ ತರಲೇಬೇಡಿ. ತಂದರೆ, ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಇದು ಓಟದ ಬೇಟೆ ನಾಯಿಯೆಂದು ವೈದ್ಯರಿಗೆ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಕೆಲವು ಅರಿವಳಿಕೆಗಳ ಅಮಲು ಇವಕ್ಕೆ ಬೇಗ ಇಳಿಯುವುದಿಲ್ಲ.

ಪ್ರಶ್ನೆ: ಕೆಸಿಐ ಕಾಗದ ಇರುವ ಮರಿಗೆ ದುಪ್ಪಟ್ಟು ಬೆಲೆ ಹೇಳುತ್ತಾರೆ. ಕಾಗದ ಇದ್ದರೆ ಮರಿ ಗಟ್ಟಿ ಎಂದರ್ಥವೇ?
– ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. ಕೆಸಿಐ, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ ತಂದೆ ತಾಯಿ ಯಾರೆಂದು ಹೇಳುತ್ತದೆ, ಆರೋಗ್ಯದ ಮಾತು ಅದರಲ್ಲಿಲ್ಲ. ಪ್ರದರ್ಶನಕ್ಕೆ ಒಯ್ಯುವವರಿಗೆ ಕಾಗದ ಬೇಕು. ಮನೆಯ ಸಂಗಾತಿಗಾದರೆ ಲಸಿಕೆ ಕಾರ್ಡು, ಮೈಕ್ರೋಚಿಪ್ ಸಂಖ್ಯೆ, ಹಣದ ರಸೀದಿ ಇದ್ದರೆ ಸಾಕು. ಮೊಬೈಲಿನಲ್ಲಿ ಫೋಟೊ ನೋಡಿ ಹಣ ಕಳಿಸಬೇಡಿ. ತಂದ ಎರಡು ಮೂರು ದಿನದೊಳಗೆ ನಿಮ್ಮ ವೈದ್ಯರಿಂದ ತಪಾಸಣೆ ಮಾಡಿಸಿ, ಅಲ್ಲಿ ದೋಷ ಕಂಡರೆ ಹಿಂತಿರುಗಿಸುವ ಮಾತನ್ನು ಮೊದಲೇ ಆಡಿಕೊಳ್ಳಿ. ಬರುವಾಗ ಅದು ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ. ನಿಮ್ಮ ಮನೆಯ ಊಟವನ್ನು ಅದರಲ್ಲಿ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಬನ್ನಿ.